ಗುಂಪಿನ ಮಾತು ಕ್ವಾರಿಯವರಿಗೆ ತಲುಪಿದ್ದು ಹೇಗೆ? ಎನ್‌ಕ್ರಿಪ್ಷನ್ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನಮ್ಮೂರ ಪಕ್ಕದ ಕಲ್ಲು ಕ್ವಾರಿ ಮತ್ತು ಕ್ರಷರ್‌ನ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿದೆ. ಆ ಸೊಪ್ಪು ಕೊಟ್ಟರೆ ಹುಳು ಸರಿಯಾಗಿ ಮೇಯುವುದಿಲ್ಲ, ಬೆಳೆ ಕೈಗೆ ಬರುವುದಿಲ್ಲ. ರಾತ್ರಿ ಹೊತ್ತಿನಲ್ಲೂ ಸಿಡಿಮದ್ದು ಇಡುತ್ತಾರೆ. ಇದನ್ನೆಲ್ಲ ದಾಖಲಿಸಲು ಐದಾರು ಹಳ್ಳಿಯವರು ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿದ್ದೇವೆ. ಸುಮಾರು 180 ಮಂದಿ ಇದ್ದಾರೆ, ನಾನೇ ಅಡ್ಮಿನ್. ಮೊನ್ನೆ ನಾನು ರಾತ್ರಿ ಹಾಕಿದ ಸಂದೇಶವನ್ನು ಕ್ವಾರಿಯ ಮ್ಯಾನೇಜರ್ ಬೆಳಿಗ್ಗೆ ಹೋಟೆಲ್ಲಿನಲ್ಲಿ ನಾಲ್ಕು ಜನರೆದುರು ಒಂದಕ್ಷರ ಬಿಡದೆ ಹೇಳಿ, ‘ನೀವು ಏನು ಬರೆದರೂ ನಮಗೆ ಬರುತ್ತೆ, ಠಾಣೆಗೂ ಹೋಗುತ್ತೆ’ ಎಂದ. ಅಂದಿನಿಂದ ಯಾರೂ ಫೋಟೊ ಹಾಕುತ್ತಿಲ್ಲ. ಮೂರು ಟಿಕ್ ಬಂದರೆ ಸರ್ಕಾರ ಓದಿದೆ ಎಂದರ್ಥ ಎಂದು ಒಬ್ಬರು, ಟೆಲಿಗ್ರಾಂಗೆ ಹೋಗೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ಹಾಗಾದರೆ ಎನ್‌ಕ್ರಿಪ್ಷನ್ ಅನ್ನುವುದೆಲ್ಲ ಸುಳ್ಳೇ? ಗುಂಪಿನಲ್ಲಿ ಬೇರೆಯವರು ಹಾಕಿದ್ದಕ್ಕೆ ನನ್ನ ಮೇಲೆ ಕೇಸ್ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ತೊಡರಿಕೊಂಡಿವೆ. ಕ್ವಾರಿಯವರು ವಾಟ್ಸ್‌ಆ್ಯಪ್‌ನ ಬೀಗವನ್ನೇ ಒಡೆದರೇ ಎಂಬುದು ಒಂದು, ಪೊಲೀಸರು ಬೇಕೆಂದಾಗ ನಿಮ್ಮ ಮಾತು ಓದಬಲ್ಲರೇ ಎಂಬುದು ಇನ್ನೊಂದು, ಇಷ್ಟಾದ ಮೇಲೂ ಗುಂಪಿನಲ್ಲಿ ಬಾಯಿಬಿಡುವುದು ಕ್ಷೇಮವೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ನೇರವಾಗಿಯೇ ಹೇಳಿಬಿಡುತ್ತೇನೆ: ಅವರು ಎನ್‌ಕ್ರಿಪ್ಷನ್, ಅಂದರೆ ಸಂದೇಶವನ್ನು ಬೇರೆಯವರು ಓದಲಾಗದಂತೆ ಮುಚ್ಚುವ ಬೀಗವನ್ನು, ಒಡೆದಿಲ್ಲ. ಅದು ಕ್ವಾರಿ ಮ್ಯಾನೇಜರ್ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಆಗುವಂತಿದ್ದರೆ ಆತ ಅದನ್ನು ಹೋಟೆಲ್ಲಿನಲ್ಲಿ ಕೂತು ಸಾರುತ್ತಲೂ ಇರಲಿಲ್ಲ. ನಿಮ್ಮ ಸಂದೇಶ ದಾರಿಯಲ್ಲಿ ಸೋರಿದ್ದಲ್ಲ, ತಲುಪಬೇಕಾದ ಕಡೆ ತಲುಪಿದ ಮೇಲೆ ಸೋರಿದ್ದು. ಈ ವ್ಯತ್ಯಾಸ ಮನದಟ್ಟಾದರೆ ಮುಂದೆ ಏನು ಮಾಡಬೇಕೆಂಬುದು ಅರ್ಧ ತಿಳಿದಂತೆಯೇ.

ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ಕರೆಗಳಿಗೂ ಎಂಡ್-ಟು-ಎಂಡ್, ಅಂದರೆ ಕಳುಹಿಸುವ ತುದಿಯಿಂದ ಪಡೆಯುವ ತುದಿಯವರೆಗಿನ, ಎನ್‌ಕ್ರಿಪ್ಷನ್ ಅಳವಡಿಸಿತು. ಅದರ ಹಿಂದಿರುವುದು ಸಿಗ್ನಲ್ ಎಂಬ ಇನ್ನೊಂದು ಆ್ಯಪ್‌ಗಾಗಿ ರೂಪಿಸಿದ, ಯಾರು ಬೇಕಾದರೂ ಪರೀಕ್ಷಿಸಬಹುದಾದಂತೆ ವಿವರಗಳನ್ನು ಪ್ರಕಟಿಸಿರುವ ವಿಧಾನ. ನಿಮ್ಮ ಫೋನು ತನ್ನದೇ ಕೀಲಿಗಳನ್ನು ಸೃಷ್ಟಿಸಿಕೊಳ್ಳುತ್ತದೆ; ಅವುಗಳಲ್ಲಿ ಗುಟ್ಟಿನ ಕೀಲಿ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಗುಂಪಿಗೆ ಬರೆಯುವಾಗ ನಿಮ್ಮ ಫೋನು ಪ್ರತಿಯೊಬ್ಬ ಸದಸ್ಯರ ಸಾಧನಕ್ಕೂ ಬೇರೆಬೇರೆಯಾಗಿ ಒಂದು ಕೀಲಿಯನ್ನು ಮೊದಲೇ ತಲುಪಿಸಿ, ಆ ಕೀಲಿಯಿಂದ ಸಂದೇಶವನ್ನು ಮುಚ್ಚಿ ಕಳುಹಿಸುತ್ತದೆ. ಮೊಬೈಲ್ ಕಂಪನಿಯ ಟವರ್, ಇಂಟರ್ನೆಟ್ ಕೊಡುವವರು, ವಾಟ್ಸ್‌ಆ್ಯಪ್‌ನದೇ ಸರ್ವರ್, ಇವರೆಲ್ಲ ಸಾಗಿಸುವುದು ಅರ್ಥವಿಲ್ಲದ ಅಕ್ಷರರಾಶಿಯನ್ನು ಮಾತ್ರ. ನಿಮಗೆ ಬೇಕಾದವರೊಬ್ಬರ ಜೊತೆ ಇದನ್ನು ಪರೀಕ್ಷಿಸಿಕೊಳ್ಳಲೂಬಹುದು. ಸಂಪರ್ಕದ ವಿವರ ತೆರೆದು ‘ಎನ್‌ಕ್ರಿಪ್ಷನ್’ ಒತ್ತಿದರೆ 60 ಅಂಕಿಗಳ ಒಂದು ಸಂಖ್ಯೆ ಕಾಣುತ್ತದೆ. ಎರಡೂ ಫೋನುಗಳಲ್ಲಿ ಅದು ಒಂದೇ ಆಗಿದ್ದರೆ ನಡುವೆ ಯಾರೂ ಕೂತಿಲ್ಲ.

ಆದರೆ ಈ ವ್ಯವಸ್ಥೆಯಲ್ಲಿ ಸಂದೇಶ ತೆರೆದುಕೊಳ್ಳುವುದು ತುದಿಯಲ್ಲಿ, ಮತ್ತು ನಿಮ್ಮ ಗುಂಪಿಗೆ 180 ತುದಿಗಳಿವೆ. ಅವರಲ್ಲಿ ಒಬ್ಬರ ಅಣ್ಣ ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿರಬಹುದು, ಇನ್ನೊಬ್ಬರು ಜಲ್ಲಿಯನ್ನು ಸಾಲಕ್ಕೆ ತಂದಿರಬಹುದು. ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಯಾವ ಎನ್‌ಕ್ರಿಪ್ಷನ್ನೂ ತಡೆಯಲಾರದು. ಆದರೂ ಕೂಡಲೇ ಯಾರ ಮೇಲೂ ಬೆರಳು ತೋರಿಸಬೇಡಿ. ಊರೊಳಗಿನ ನಂಬಿಕೆ ಮುರಿದರೆ ಗುಂಪು ತಾನಾಗಿಯೇ ಒಡೆಯುತ್ತದೆ, ಮ್ಯಾನೇಜರ್‌ಗೆ ಬೇಕಿದ್ದುದೂ ಬಹುಶಃ ಅದೇ. ಅದಕ್ಕೆ ಮೊದಲು ನೋಡಬೇಕಾದ ಇನ್ನೊಂದು ಜಾಗವಿದೆ.

ತುಮಕೂರಿನಲ್ಲಿ ನಾನು ಸಹಕಾರ ಬ್ಯಾಂಕುಗಳಿಗೂ ಸಣ್ಣ ಸಂಸ್ಥೆಗಳಿಗೂ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುತ್ತೇನೆ. ‘ವಾಟ್ಸ್‌ಆ್ಯಪ್ ಹ್ಯಾಕ್ ಆಗಿದೆ’ ಎಂದು ಬರುವವರ ಫೋನಿನಲ್ಲಿ ನಾನು ಮೊದಲು ತೆರೆಯುವುದು ‘ಲಿಂಕ್ಡ್ ಡಿವೈಸಸ್’ ಎಂಬ ಪುಟವನ್ನು. ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು: ಮನವಿಪತ್ರದ ಪಿಡಿಎಫ್ ಫೋನಿನಲ್ಲಿರುತ್ತದೆ, ಪ್ರಿಂಟ್ ಬೇಕು, ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ‘ಸ್ಕ್ಯಾನ್ ಮಾಡಿ ಅಣ್ಣ’ ಎನ್ನುತ್ತಾನೆ, ಪ್ರಿಂಟ್ ಬರುತ್ತದೆ, ದುಡ್ಡು ಕೊಟ್ಟು ನಾವು ಬಸ್ಸು ಹತ್ತುತ್ತೇವೆ. ಆ ಕಂಪ್ಯೂಟರ್ ಮಾತ್ರ ನಿಮ್ಮ ಖಾತೆಯ ಇನ್ನೊಂದು ತುದಿಯಾಗಿ ಉಳಿದುಬಿಡುತ್ತದೆ. ಒಂದು ಖಾತೆಗೆ ಹೀಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು, ನಿಮ್ಮ ಫೋನು ಆಫ್ ಆಗಿದ್ದರೂ ಅವು ಹೊಸ ಸಂದೇಶಗಳನ್ನು ಪಡೆಯುತ್ತಲೇ ಇರುತ್ತವೆ. ಫೋನಿನಲ್ಲಿ ವಾಟ್ಸ್‌ಆ್ಯಪ್ ಅನ್ನು 14 ದಿನ ಬಳಸದೇ ಹೋದರೆ ಆ ಜೋಡಣೆ ಕಡಿದುಹೋಗುತ್ತದೆ ಎಂಬುದು ನಿಜ, ಆದರೆ ದಿನಾ ಫೋನ್ ನೋಡುವವರಿಗೆ ಆ ನಿಯಮದಿಂದ ಪ್ರಯೋಜನವಿಲ್ಲ. ನೀವೂ ನಿಮ್ಮ ಸದಸ್ಯರೂ ಈ ಪುಟ ತೆರೆದು, ಗುರುತಿಲ್ಲದ ಪ್ರತಿ ಸಾಧನದ ಮೇಲೂ ಒತ್ತಿ ‘ಲಾಗ್ ಔಟ್’ ಮಾಡಿ. ಮುಂದಿನ ಸಲ ಪ್ರಿಂಟ್ ಬೇಕಾದರೆ ಆ ಒಂದು ಕಡತವನ್ನು ಅಂಗಡಿಯವರ ಇ-ಮೇಲ್‌ಗೆ ಕಳುಹಿಸಿ.

ಇನ್ನು ಮೂರು ಟಿಕ್‌ನ ಮಾತು. ಇದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು ಸಂದೇಶ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಇದನ್ನು ಸುಳ್ಳು ಎಂದು ಹೇಳಿದೆ. ಒಂದು ಟಿಕ್ ಎಂದರೆ ಕಳುಹಿಸಿದ್ದು, ಎರಡು ಎಂದರೆ ತಲುಪಿದ್ದು, ನೀಲಿ ಎಂದರೆ ಓದಿದ್ದು. ಮೂರನೆಯದು ಇಲ್ಲವೇ ಇಲ್ಲ. ಯಾರಾದರೂ ಗುಟ್ಟಾಗಿ ಕಣ್ಣಿಡುವುದೇ ಆದರೆ ಅದನ್ನು ಟಿಕ್ ಹಾಕಿ ನಿಮಗೆ ತಿಳಿಸುತ್ತಾರೆಯೇ?

ಟೆಲಿಗ್ರಾಂಗೆ ಹೋಗುವುದು ನಿಮ್ಮ ವಿಷಯದಲ್ಲಿ ಮುಂದಿಟ್ಟ ಹೆಜ್ಜೆಯಲ್ಲ, ಹಿಂದಿಟ್ಟ ಹೆಜ್ಜೆ. ಅಲ್ಲಿ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವುದು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ನಲ್ಲಿ ಮಾತ್ರ, ಅದನ್ನೂ ನಾವೇ ಆರಿಸಿಕೊಳ್ಳಬೇಕು. ಗುಂಪಿನ ಮಾತುಗಳು ಕಂಪನಿಯ ಸರ್ವರ್‌ಗಳಲ್ಲಿ, ಕಂಪನಿಯೇ ತೆರೆಯಬಲ್ಲ ರೂಪದಲ್ಲಿ ಇರುತ್ತವೆ. ಅದರ ಸ್ಥಾಪಕರನ್ನು 2024ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಬಂಧಿಸಿದ ಮರುತಿಂಗಳೇ, ಕಾನೂನುಬದ್ಧ ಕೋರಿಕೆ ಬಂದರೆ ನಿಯಮ ಮುರಿದ ಬಳಕೆದಾರರ ಫೋನ್ ಸಂಖ್ಯೆ ಮತ್ತು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ಕೊಡುವುದಾಗಿ ಆ ಕಂಪನಿ ತನ್ನ ನೀತಿಯನ್ನು ಬದಲಿಸಿತು. ಗುಟ್ಟಿನ ಆ್ಯಪ್ ಎಂಬ ಅದರ ಹೆಸರು ಅದರ ತಂತ್ರಜ್ಞಾನಕ್ಕಿಂತ ದೊಡ್ಡದಾಗಿ ಬೆಳೆದಿದೆ.

ವಾಟ್ಸ್‌ಆ್ಯಪ್‌ನಲ್ಲೂ ಎಲ್ಲವೂ ಮುಚ್ಚಿರುವುದಿಲ್ಲ. ಸಂದೇಶದ ಒಳಗಿರುವುದು ಕಾಣದಿದ್ದರೂ ಯಾರು ಯಾರಿಗೆ ಯಾವಾಗ ಕಳುಹಿಸಿದರು, ಯಾವ ಐಪಿ ವಿಳಾಸದಿಂದ, ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂಬ ಮೆಟಾಡೇಟಾ ಕಂಪನಿಗೆ ಕಾಣುತ್ತದೆ, ಕಾನೂನಿನ ಪ್ರಕಾರ ಕೇಳಿದರೆ ಅದರಲ್ಲಿ ತನ್ನ ಬಳಿ ಇರುವುದನ್ನು ಕಂಪನಿ ಕೊಡಬೇಕಾಗುತ್ತದೆ. ಸಿಗ್ನಲ್ ಈ ವಿಷಯದಲ್ಲಿ ಬೇರೆ. ಅಮೆರಿಕದ ನ್ಯಾಯಾಲಯವೊಂದರ ಆದೇಶ 2016ರಲ್ಲಿ ಬಂದಾಗ ಅದು ಕೊಡಲು ಸಾಧ್ಯವಾದದ್ದು ಖಾತೆ ತೆರೆದ ದಿನ ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಇವೆರಡನ್ನೇ, ಏಕೆಂದರೆ ಅದರ ಬಳಿ ಬೇರೇನೂ ಇರಲಿಲ್ಲ. ಬ್ಯಾಕಪ್ ಇನ್ನೊಂದು ಬಿರುಕು. ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ರಕ್ಷಣೆಯನ್ನು ನೀವೇ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಈ ಸೌಲಭ್ಯ 2021ರಿಂದ ಇದೆ, ಆದರೆ ನಾನು ನೋಡುವ ಫೋನುಗಳಲ್ಲಿ ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ.

ಈಗ ನಿಮ್ಮ ಎರಡನೆಯ ಆತಂಕ. ‘ಠಾಣೆಗೂ ಹೋಗುತ್ತೆ’ ಎಂಬ ಮಾತಿನಲ್ಲಿ ಬೆದರಿಕೆ ಎಷ್ಟು, ನಿಜವೆಷ್ಟು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಸಂವಹನವನ್ನು ತಡೆದು ಓದಲು, ಎನ್‌ಕ್ರಿಪ್ಷನ್ ಬಿಡಿಸಿಕೊಡಿ ಎಂದು ಆದೇಶಿಸಲು ಸರ್ಕಾರಕ್ಕೆ ಅಧಿಕಾರವಿದೆ. ಆದರೆ ಅದಕ್ಕೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಅಪರಾಧದ ತನಿಖೆಯಂಥ ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು, ಸಾಮಾನ್ಯವಾಗಿ ಗೃಹ ಇಲಾಖೆಯ ಕಾರ್ಯದರ್ಶಿ ಮಟ್ಟದಲ್ಲಿ ಆದೇಶವಾಗಬೇಕು. ತಾಲ್ಲೂಕಿನ ಠಾಣೆಯಲ್ಲಿ ಕೂತವರು ತಾವಾಗಿಯೇ ನಿಮ್ಮ ಗುಂಪನ್ನು ತೆರೆದು ಓದುವ ಏರ್ಪಾಡು ಯಾವುದೂ ಇಲ್ಲ. ಆದೇಶ ಬಂದರೂ, ಕೀಲಿಯೇ ತನ್ನಲ್ಲಿಲ್ಲದ ಕಂಪನಿ ಒಳಗಿನ ಮಾತನ್ನು ಎಲ್ಲಿಂದ ತಂದುಕೊಡುತ್ತದೆ? ಪೊಲೀಸರಿಗೆ ವಾಸ್ತವದಲ್ಲಿ ತೆರೆದಿರುವ ದಾರಿ ಫೋನ್. ದೂರು ದಾಖಲಾದರೆ ತನಿಖಾಧಿಕಾರಿ ಅದನ್ನು ಹಾಜರುಪಡಿಸುವಂತೆ ಕೇಳಬಹುದು, ವಶಪಡಿಸಿಕೊಳ್ಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂಬ ನಿಯಮವಿದೆ, ಜಪ್ತಿ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಪಾಸ್‌ವರ್ಡ್ ಹೇಳಲೇಬೇಕೇ ಎಂಬ ಪ್ರಶ್ನೆಯಲ್ಲಿ ನ್ಯಾಯಾಲಯಗಳು ಒಂದೇ ದನಿಯಲ್ಲಿ ಮಾತನಾಡಿಲ್ಲ, ಅಂಥ ಸಂದರ್ಭ ಬಂದರೆ ಉತ್ತರಿಸುವ ಮೊದಲು ವಕೀಲರನ್ನು ಕಾಣಿರಿ.

ಫೋನಿನೊಳಗೇ ನುಗ್ಗುವ ಪೆಗಾಸಸ್‌ನಂಥ ಗೂಢಚಾರಿ ತಂತ್ರಾಂಶದ ಸುದ್ದಿಯನ್ನು ನೀವು ಕೇಳಿರುತ್ತೀರಿ. ಸುಮಾರು 1,400 ಬಳಕೆದಾರರನ್ನು ಅದು ಗುರಿಮಾಡಿತ್ತೆಂದು ವಾಟ್ಸ್‌ಆ್ಯಪ್ 2019ರಲ್ಲಿ ಬಹಿರಂಗಪಡಿಸಿತು, ಭಾರತದವರೂ ಅವರಲ್ಲಿದ್ದರು. ಅದು ಎನ್‌ಕ್ರಿಪ್ಷನ್ನನ್ನು ಒಡೆಯಲಿಲ್ಲ, ಸಂದೇಶ ತೆರೆದುಕೊಳ್ಳುವ ಫೋನಿನಲ್ಲೇ ಕೂತು ಓದಿತು. ಅತಿ ದುಬಾರಿಯ ಆ ಸಾಧನವನ್ನು ಸರ್ಕಾರಗಳಿಗಷ್ಟೇ ಮಾರುವುದಾಗಿ ಅದರ ತಯಾರಕರು ಹೇಳುತ್ತಾರೆ. ಕ್ರಷರ್ ಧೂಳಿನ ವಿಷಯದಲ್ಲಿ ನೀವು ಅದಕ್ಕೆ ಹೆದರಿ ಕೂರಬೇಕಾಗಿಲ್ಲ, ಝೆರಾಕ್ಸ್ ಅಂಗಡಿಗೆ ಹೆದರಿದರೆ ಸಾಕು.

ನೀವು ಕೇಳದೇ ಇದ್ದರೂ ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ನಿಮ್ಮ ಗುಂಪಿಗೆ ಅದು ಸಂಬಂಧಿಸಿದೆ. ‘ಎನ್‌ಕ್ರಿಪ್ಷನ್ ಇರುವುದರಿಂದಲೇ ವದಂತಿ, ಅಪರಾಧ ಹೆಚ್ಚುತ್ತಿವೆ, ಸರ್ಕಾರಕ್ಕೆ ಒಂದು ಕೀಲಿ ಕೊಟ್ಟರೆ ಆಯಿತಲ್ಲ’ ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಮಕ್ಕಳ ಕಳ್ಳರೆಂಬ ವದಂತಿ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಒಬ್ಬ ಯುವಕನ ಜೀವ ತೆಗೆದದ್ದನ್ನು ಮರೆಯಲಾಗದು. ಆದರೆ ಆ ಪ್ರಕರಣದ ಬಂಧನಗಳು ಎನ್‌ಕ್ರಿಪ್ಷನ್ ಒಡೆಯದೆಯೇ ನಡೆದವು, ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ತಂದದ್ದೂ ಯಾರ ಸಂದೇಶವನ್ನೂ ಓದದೆಯೇ. ನಾನು ಕಂಡಂತೆ ನಮ್ಮ ಜಿಲ್ಲೆಗಳ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಲ್ಲಿ ಹಣ ಹೋದ ಪ್ರಕರಣಗಳು ಮುಂದೆ ಸಾಗುವುದು ಬ್ಯಾಂಕ್ ಖಾತೆಗಳ ಜಾಡು, ಸಿಮ್ ಕಾರ್ಡ್‌ನ ದಾಖಲೆ ಹಿಡಿದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಎಷ್ಟು ಬೇಗ ಆಯಿತೆಂಬುದೇ ಅಲ್ಲಿ ಮುಖ್ಯವಾಗುತ್ತದೆ.

ಸಜ್ಜನರಿಗೆ ಮಾತ್ರ ತೆರೆಯುವ ಹಿಂಬಾಗಿಲನ್ನು ಇದುವರೆಗೆ ಯಾರೂ ಕಟ್ಟಿಲ್ಲ. ಗ್ರೀಸ್‌ನಲ್ಲಿ 2004-05ರಲ್ಲಿ, ಪೊಲೀಸರ ಅನುಕೂಲಕ್ಕೆಂದು ಮೊಬೈಲ್ ಜಾಲದೊಳಗೆ ಇಟ್ಟಿದ್ದ ಕದ್ದಾಲಿಕೆಯ ಸೌಲಭ್ಯವನ್ನೇ ಅಪರಿಚಿತರು ಬಳಸಿಕೊಂಡು ಪ್ರಧಾನಿಯೂ ಸೇರಿ ನೂರಕ್ಕೂ ಹೆಚ್ಚು ಮಂದಿಯ ಫೋನ್ ಕೇಳಿಸಿಕೊಂಡರು. ಅಮೆರಿಕದ ದೂರಸಂಪರ್ಕ ಜಾಲಗಳಿಗೆ ಚೀನಾ ಮೂಲದ ಹ್ಯಾಕರ್‌ಗಳು ನುಗ್ಗಿದ್ದು 2024ರಲ್ಲಿ ಬಯಲಾದಾಗ, ಎನ್‌ಕ್ರಿಪ್ಟ್ ಆದ ಆ್ಯಪ್‌ಗಳನ್ನೇ ಬಳಸಿ ಎಂದು ಜನರಿಗೆ ಹೇಳಿದವರು ಅಲ್ಲಿನ ಸರ್ಕಾರಿ ಅಧಿಕಾರಿಗಳೇ. ನಮ್ಮಲ್ಲಿಯೂ, ಕಳುಹಿಸಿದ ಮಾತಿನ ಮೂಲಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕೆಂಬ ಕರಡು ಎನ್‌ಕ್ರಿಪ್ಷನ್ ನೀತಿಯೊಂದು 2015ರ ಸೆಪ್ಟೆಂಬರ್‌ನಲ್ಲಿ ಬಂದು, ವಿರೋಧ ಎದ್ದ ಕೂಡಲೇ ವಾಪಸಾಯಿತು.

ಈಗಿನ ವಿವಾದ 2021ರ ಐಟಿ ನಿಯಮಗಳದ್ದು. ಗಂಭೀರ ಅಪರಾಧಗಳಲ್ಲಿ ನ್ಯಾಯಾಲಯದ ಅಥವಾ ಅಧಿಕಾರವಿರುವವರ ಆದೇಶ ಬಂದರೆ, ಒಂದು ಸಂದೇಶವನ್ನು ಮೊದಲು ಹರಡಿದವರು ಯಾರೆಂದು ದೊಡ್ಡ ಸಂದೇಶ ಸೇವೆಗಳು ಹೇಳಬೇಕು ಎನ್ನುತ್ತದೆ 4(2)ನೇ ನಿಯಮ. ಒಳಗಿನ ಮಾತನ್ನು ಕೊಡಬೇಕಿಲ್ಲ ಎಂದೂ ಅದರಲ್ಲಿದೆ, ಅದನ್ನು ಒಪ್ಪಬೇಕು. ತೊಡಕಿರುವುದು ಬೇರೆ ಕಡೆ. ನಾಳೆ ಯಾವ ಸಂದೇಶದ ಬಗ್ಗೆ ಕೇಳುತ್ತಾರೋ ಇಂದು ಗೊತ್ತಿಲ್ಲವಾದ್ದರಿಂದ ಎಲ್ಲರ ಎಲ್ಲ ಸಂದೇಶಗಳಿಗೂ ಗುರುತು ಹಾಕಿಡಬೇಕಾಗುತ್ತದೆ. ಮೂಲ ಹೊರದೇಶದಲ್ಲಿದ್ದರೆ ಭಾರತದೊಳಗೆ ಮೊದಲು ಹಾಕಿದವರನ್ನೇ ಮೂಲವೆಂದು ಬಗೆಯಲಾಗುತ್ತದೆ. ಅಂದರೆ ಎಲ್ಲಿಂದಲೋ ಬಂದದ್ದನ್ನು ‘ಇದು ನಿಜವೇ’ ಎಂದು ಕೇಳಲು ಗುಂಪಿಗೆ ಹಾಕಿದವರೂ ಸಿಕ್ಕಿಬೀಳಬಹುದು. ಇದನ್ನು ವಾಟ್ಸ್‌ಆ್ಯಪ್ 2021ರಲ್ಲೇ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ, ಎನ್‌ಕ್ರಿಪ್ಷನ್ ಮುರಿಯಲು ಹೇಳಿದರೆ ತಾನು ಇಲ್ಲಿಂದ ಹೊರಡಬೇಕಾಗುತ್ತದೆ ಎಂದು 2024ರಲ್ಲಿ ಅದರ ವಕೀಲರು ಅದೇ ನ್ಯಾಯಾಲಯದಲ್ಲಿ ಹೇಳಿದರು. ಕಂಪನಿಯ ವ್ಯಾಪಾರದ ಲೆಕ್ಕ ಏನೇ ಇರಲಿ, ರಾತ್ರಿ ಸಿಡಿಮದ್ದಿನ ವಿಡಿಯೊ ಮಾಡಿ ಮೊದಲು ಗುಂಪಿಗೆ ಹಾಕಿದ ನಿಮ್ಮೂರ ಹುಡುಗನ ಹೆಸರು ಎಲ್ಲೋ ಒಂದು ಕಡೆ ದಾಖಲಾಗಿಯೇ ಇರುತ್ತದೆ ಎಂದಾದರೆ ಅವನು ಆ ವಿಡಿಯೊ ಹಾಕುತ್ತಾನೆಯೇ ಎಂಬುದು ನನಗೆ ಮುಖ್ಯವಾದ ಪ್ರಶ್ನೆ. ಹೋಟೆಲ್ಲಿನಲ್ಲಿ ಆಡಿದ ಒಂದೇ ಒಂದು ಮಾತು ನಿಮ್ಮ ಗುಂಪಿನ ಬಾಯಿ ಕಟ್ಟಿತಲ್ಲವೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಎನ್‌ಕ್ರಿಪ್ಷನ್ ಇರುವುದರಿಂದಲೇ ಜನ ಅಭಿಪ್ರಾಯ ಹೊಂದಲು, ಹೇಳಲು ಸಾಧ್ಯವಾಗುತ್ತದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಡೇವಿಡ್ ಕೇ 2015ರಲ್ಲೇ ವರದಿ ಕೊಟ್ಟಿದ್ದರು. ಎರಡನ್ನೂ ಜೋಡಿಸಿ ಓದಬೇಕೆಂಬುದು ನನ್ನ ಅಭಿಪ್ರಾಯ.

ಈಗ ನೀವೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ದೊಡ್ಡ ಗುಂಪನ್ನು ಮುಚ್ಚಬೇಡಿ, ಆದರೆ ಅದನ್ನು ಊರ ಕಟ್ಟೆ ಎಂದೇ ತಿಳಿದು ಅಲ್ಲಿ ಸಭೆಯ ದಿನಾಂಕ, ಮನವಿಯ ಪ್ರತಿ, ಅಧಿಕಾರಿಗಳು ಕೊಟ್ಟ ಉತ್ತರ, ಇಂಥವನ್ನು ಮಾತ್ರ ಹಾಕಿ. ಕ್ವಾರಿಯವರು ಓದಿದರೂ ನಷ್ಟವಿಲ್ಲದ್ದಷ್ಟೇ ಅಲ್ಲಿರಲಿ. ಮುಂದಿನ ನಡೆ, ವಿಡಿಯೊ ತೆಗೆದವರ ಹೆಸರು, ದೂರುದಾರರ ವಿವರ ಇವುಗಳಿಗೆ, ನೀವು ಮುಖ ನೋಡಿ ನಂಬುವ ಏಳೆಂಟು ಮಂದಿಯ ಸಣ್ಣ ಗುಂಪನ್ನು ಸಿಗ್ನಲ್‌ನಲ್ಲಿ ಮಾಡಿ. ಅಲ್ಲಿ 2024ರಿಂದ ಫೋನ್ ಸಂಖ್ಯೆ ತಾನಾಗಿ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಾದರೆ 180 ಮಂದಿಯ ಸಂಖ್ಯೆಯೂ ಎಲ್ಲರಿಗೂ ಸಿಗುತ್ತದೆ, ಬೆದರಿಕೆಯ ಕರೆಗಳು ಶುರುವಾಗುವುದು ಅಲ್ಲಿಂದಲೇ. ಸಿಗ್ನಲ್‌ನ ತೊಂದರೆಯೆಂದರೆ ಹಳ್ಳಿಯಲ್ಲಿ ಅದನ್ನು ಬಳಸುವವರು ಕಡಿಮೆ, ಹೊಸ ಆ್ಯಪ್ ಹಾಕಿಸಿಕೊಳ್ಳಿ ಎಂದರೆ ಹಿರಿಯರು ಹಿಂಜರಿಯುತ್ತಾರೆ. ಹೀಗಾಗಿಯೇ ಸಣ್ಣ ಗುಂಪು ಎಂದೆ. ಎರಡೂ ಆ್ಯಪ್‌ಗಳಲ್ಲಿ ಪಿನ್ ಇಡಿ, ಫೋನಿಗೆ ಬೀಗ ಹಾಕಿ, ಓಟಿಪಿಯನ್ನು ಯಾರಿಗೂ ಹೇಳಬೇಡಿ.

ತಾನಾಗಿ ಅಳಿಯುವ ಸಂದೇಶದ ಸೌಲಭ್ಯವನ್ನು ಆನ್ ಮಾಡಬಹುದೇ? ವಾಟ್ಸ್‌ಆ್ಯಪ್‌ನಲ್ಲಿ 24 ಗಂಟೆ, 7 ದಿನ, 90 ದಿನ ಎಂಬ ಆಯ್ಕೆಗಳಿವೆ. ಫೋನ್ ಬೇರೆಯವರ ಕೈ ಸೇರಿದರೆ ಹಳೆಯ ಮಾತುಗಳು ಸಿಗದಂತೆ ಅದು ಕಾಯುತ್ತದೆ, ಸ್ಕ್ರೀನ್‌ಶಾಟನ್ನಂತೂ ತಡೆಯುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ದೊಡ್ಡ ಅಪಾಯವೆಂದರೆ ನಿಮ್ಮ ಸಾಕ್ಷ್ಯವೇ ಅಳಿದುಹೋಗುವುದು. ತನಿಖೆ ಶುರುವಾದ ಮೇಲೆ ಅಳಿಸಲು ಹೊರಟರೆ ಸಾಕ್ಷ್ಯ ನಾಶದ ಆರೋಪವೂ ಬರಬಹುದು. ಆದ್ದರಿಂದ ಸಣ್ಣ ಗುಂಪಿನ ಹರಟೆಗೆ 7 ದಿನ ಇಡಿ, ಫೋಟೊ ಮತ್ತು ವಿಡಿಯೊಗಳ ಮೂಲ ಕಡತಗಳನ್ನು ಬೇರೆಯಾಗಿ ಉಳಿಸಿ.

ಈ ಮೂಲ ಕಡತದ ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಫೋಟೊ ಕಳುಹಿಸಿದರೆ ಅದು ಚಿಕ್ಕದಾಗುತ್ತದೆ, ತೆಗೆದ ಜಾಗದ ವಿವರವೂ ಅದರೊಳಗಿಂದ ಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಅದೆಲ್ಲ ಹಾಗೆಯೇ ಉಳಿಯುತ್ತದೆ. ಹೀಗಾಗಿ ದೊಡ್ಡ ಗುಂಪಿಗೆ ಸಾಮಾನ್ಯ ಫೋಟೊ ಹಾಕಿ, ತೆಗೆದವರ ಮನೆ ಎಲ್ಲಿದೆ ಎಂಬುದು ಬಯಲಾಗದು. ಗಣಿ ಮತ್ತು ಭೂವಿಜ್ಞಾನ ಇಲಾಖೆಗೋ ಜಿಲ್ಲಾಧಿಕಾರಿಗೋ ಕೊಡುವ ದೂರಿನ ಜೊತೆ ಮೂಲ ಕಡತವನ್ನೇ ಪೆನ್‌ಡ್ರೈವ್‌ನಲ್ಲಿ ಕೊಡಿ. ನ್ಯಾಯಾಲಯದವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತದಿಂದಲೇ ಲೆಕ್ಕ ಹಾಕಿ ಪಡೆಯುವ, ಅದರ ಬೆರಳಚ್ಚಿನಂಥ ಸಂಕೇತ) ಬರೆಯಲು ಜಾಗವಿದೆ. ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. ವಿಡಿಯೊ ತೆಗೆದ ದಿನವೇ ಅದನ್ನು ಲೆಕ್ಕ ಹಾಕಿ ಬರೆದಿಟ್ಟರೆ ಆಮೇಲೆ ತಿದ್ದಿದ್ದೀರಿ ಎಂಬ ಮಾತು ನಿಲ್ಲುವುದಿಲ್ಲ.

ಕೊನೆಗೆ ನಿಮ್ಮ ಮೇಲಿನ ಕೇಸಿನ ಭಯ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆಗಿದ್ದಾರೆಂಬ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ನಮ್ಮಲ್ಲಿ ಕಟ್ಟುನಿಟ್ಟಾಗಿ ಬದ್ಧವಲ್ಲ, ಆದರೆ ವಕೀಲರು ಅದನ್ನು ಮುಂದಿಡಬಹುದು. ನೀವೇ ಬರೆದದ್ದಕ್ಕೆ, ನೀವೇ ಮುಂದಕ್ಕೆ ಕಳುಹಿಸಿದ್ದಕ್ಕೆ ಮಾತ್ರ ಹೊಣೆ ತಪ್ಪದು, ಅದರಲ್ಲೂ ಮಾನನಷ್ಟದ ವಿಷಯದಲ್ಲಿ. ‘ಮಾಲೀಕರು ಅಧಿಕಾರಿಗಳಿಗೆ ಲಂಚ ಕೊಟ್ಟಿದ್ದಾರೆ’ ಎಂಬಂಥ ವಾಕ್ಯವನ್ನು ಆಧಾರವಿಲ್ಲದೆ ಬರೆಯಬೇಡಿ. ‘ಇಂಥ ದಿನ ರಾತ್ರಿ ಇಷ್ಟು ಗಂಟೆಗೆ ಸ್ಫೋಟದ ಸದ್ದು ಕೇಳಿತು, ವಿಡಿಯೊ ಇದೆ’ ಎಂದು ಬರೆಯಿರಿ. ಯಾರಾದರೂ ಬೈಗುಳವನ್ನೋ ಜಾತಿಯ ಮಾತನ್ನೋ ಹಾಕಿದರೆ ಅಡ್ಮಿನ್ ಆಗಿ ಅದನ್ನು ಕೂಡಲೇ ಅಳಿಸಿ, ಏಕೆ ಅಳಿಸಿದಿರೆಂದು ಗುಂಪಿನಲ್ಲೇ ಒಂದು ಸಾಲು ಬರೆದಿಡಿ.